ಬರಿಗಾಲಲ್ಲಿ ಓಡಿ ಗೆದ್ದ ಅಬೆಬೆ ಬಿಕಿಲಾ

ಗೆಳೆಯರೇ, ಮ್ಯಾರಥಾನ್ ಓಟ ಅಂದ್ರೆ 42 ಕಿಲೋಮೀಟರ್ 195 ಮೀಟರ್. ಒಂದು ಸುತ್ತಿಗೆ 200 ಮೀಟರ್ ಇರುವ ಮೈದಾನವಾದ್ರೆ ಹತ್ತಿರ ಹತ್ತಿರ 211 ಸುತ್ತು ಹಾಕಬೇಕು! ಇಷ್ಟು ದೂರವನ್ನು ಕಾಲಿಗೆ ಏನೂ ಹಾಕದೆ ಓಡಿ ಲೋಕದಾಖಲೆ ಮಾಡಿದವರು ಅಬೆಬೆ ಬಿಕಿಲಾ.

ಅವರು ಹುಟ್ಟಿದ್ದು 1932ರ ಆಗಸ್ಟ್ 7ರಂದು, ಆಫ್ರಿಕಾದ ಇಥಿಯೋಪಿಯಾ ದೇಶದ ಜಾಟೋ ಎಂಬ ಹಳ್ಳಿಯಲ್ಲಿ. ಬಡವರ ಮನೆ. ಅವರಿಗೆ ಮೂರು ವರ್ಷವಾದಾಗ, 1935ರಲ್ಲಿ, ಇಟಲಿ ದೇಶದ ಸೈನ್ಯ ಇಥಿಯೋಪಿಯಾದ ಮೇಲೆ ದಂಡೆತ್ತಿ ಬಂತು. ಆಕ್ಸುಮ್ ಊರಿನ ಪುರಾತನ ಕಲ್ಲುಕಂಬವೊಂದನ್ನೂ 1937ರಲ್ಲಿ ಹೊತ್ತುಕೊಂಡು ಹೋಗಿ ರೋಮ್ ನಗರದಲ್ಲಿ ನಿಲ್ಲಿಸಿದರು.

ಬಿಕಿಲಾ ದೊಡ್ಡವರಾಗಿ ಚಕ್ರವರ್ತಿ ಹೈಲೆ ಸೆಲಾಸಿಯವರ ಅಂಗರಕ್ಷಕ ಪಡೆ ಸೇರಿದರು. ಅಲ್ಲಿ ಸ್ವೀಡನ್ನಿನ ಓನಿ ನಿಸ್ಕಾನೆನ್ ಅವರಿಗೆ ಓಟ ಕಲಿಸಿದರು.

1960ರಲ್ಲಿ ರೋಮ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಸೆಪ್ಟೆಂಬರ್ 10ರ ಸಂಜೆ ಮ್ಯಾರಥಾನ್. ಹೊಸ ಬೂಟು ಕಾಲಿಗೆ ಸರಿಹೋಗಲಿಲ್ಲ. ಬರಿಗಾಲಲ್ಲಿ ಓಡಿ ರೂಢಿಯಿತ್ತಲ್ಲ, ಹಾಗೇ ಹೊರಟುಬಿಟ್ಟರು! ದಾರಿಬದಿಯ ಜನಕ್ಕೆ ಇವರು ಯಾರು ಅಂತಾನೇ ಗೊತ್ತಿರಲಿಲ್ಲ. ಕತ್ತಲಾಯಿತು. ಹಳೆಯ ಕಲ್ಲುದಾರಿಯ ಉದ್ದಕ್ಕೂ ಸೈನಿಕರು ಪಂಜು ಹಿಡಿದು ನಿಂತಿದ್ದರು. ಆ ಬೆಳಕಿನಲ್ಲಿ ಇಬ್ಬರೇ ಮುಂದೆ ಬರ್ತಿದ್ದರು. ಒಬ್ಬರು ಮೊರಾಕ್ಕೋದ ರಾಡಿ, ಇನ್ನೊಬ್ಬರು ಬಿಕಿಲಾ. ಕೊನೆಗೆ ಆ ಆಕ್ಸುಮ್ ಕಂಬದ ಹತ್ತಿರ ಬಂದಾಗ ಬಿಕಿಲಾ ಓಟದ ವೇಗ ಹೆಚ್ಚಿಸಿದರು. ರಾಡಿ ಹಿಂದೆ ಬಿದ್ದರು. ಕಾನ್‌ಸ್ಟಂಟೈನ್ ಕಮಾನಿನ ಬಳಿ ಓಟ ಮುಗಿದಾಗ ಆಗಿದ್ದ ಹೊತ್ತು 2 ಗಂಟೆ 15 ನಿಮಿಷ 16 ಸೆಕೆಂಡ್. 1952ರಲ್ಲಿ ಜಾಟೊಪೆಕ್ ಮಾಡಿದ್ದ ಒಲಿಂಪಿಕ್ ದಾಖಲೆಗಿಂತ ಏಳು ನಿಮಿಷಕ್ಕೂ ಕಡಿಮೆ! ಸೋವಿಯತ್ ಒಕ್ಕೂಟದ ಪೊಪೊವ್ ಅವರ 1958ರ ಲೋಕದಾಖಲೆಯೂ ಸುಮಾರು ಒಂದು ಸೆಕೆಂಡಿನಲ್ಲಿ ಮುರಿಯಿತು. ಯಾವ ದೇಶ ತಮ್ಮ ನಾಡನ್ನು ಆಕ್ರಮಿಸಿತ್ತೋ ಅದೇ ದೇಶದ ರಾಜಧಾನಿಯಲ್ಲಿ, ಅಲ್ಲಿನ ಜನರೇ ಚಪ್ಪಾಳೆ ತಟ್ಟುವಂತೆ ಗೆದ್ದರು.

1964ರಲ್ಲಿ ಟೋಕಿಯೋ. ಓಟಕ್ಕೆ ಐದಾರು ವಾರ ಮುಂಚೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಈ ಸಲ ಬೂಟು ಹಾಕಿದ್ದರು. 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಮತ್ತೆ ಲೋಕದಾಖಲೆ! ಎರಡನೆಯವರು ಬರೋಕೆ ಇನ್ನೂ ನಾಲ್ಕು ನಿಮಿಷ ಬೇಕಾಯಿತು. ಅಷ್ಟರಲ್ಲಿ ಇವರು ಮೈದಾನದ ಹುಲ್ಲಿನ ಮೇಲೆ ಮಲಗಿ ಕಸರತ್ತು ಮಾಡ್ತಿದ್ದರು. ನೋಡುತ್ತಿದ್ದ ಜನ ಬೆರಗಾದರು. ಒಲಿಂಪಿಕ್ ಮ್ಯಾರಥಾನನ್ನು ಎರಡು ಸಲ ಗೆದ್ದ ಮೊದಲಿಗರು ಇವರೇ.

ಆದರೆ 1969ರಲ್ಲಿ ಕಾರು ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಲೋಕವೇ ನೋಡಿದ ಆ ಕಾಲುಗಳು ಮತ್ತೆ ನಡೆಯಲಿಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರು. ಸುಮ್ಮನೆ ಕೂರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆ ಕಲಿತು ಅಂಗವಿಕಲರ ಕ್ರೀಡೆಗಳಲ್ಲಿ ಸ್ಪರ್ಧಿಸಿದರು. 1973ರ ಅಕ್ಟೋಬರ್ 25ರಂದು, 41ನೇ ವಯಸ್ಸಿಗೇ ತೀರಿಕೊಂಡರು. ಅಂತ್ಯಕ್ರಿಯೆಗೆ ಚಕ್ರವರ್ತಿಯೇ ಬಂದಿದ್ದರು.

ಆ ಕಲ್ಲುಕಂಬವನ್ನು ಇಟಲಿ 2005ರಲ್ಲಿ ವಾಪಸ್ ಕೊಟ್ಟಿತು. ಈಗ ಅದು ಆಕ್ಸುಮ್‌ನಲ್ಲೇ ನಿಂತಿದೆ.

ಗೆಳೆಯರೇ, ಬೂಟಿಲ್ಲ ಅಂತ ಬಿಕಿಲಾ ಓಟ ಬಿಡಲಿಲ್ಲ, ಕಾಲಿಲ್ಲ ಅಂತ ಆಟ ಬಿಡಲಿಲ್ಲ. ಕ್ರೀಡಾಕೂಟಕ್ಕೆ ಹೆಸರು ಕೊಡೋಕೆ ಹಿಂಜರಿಯುವವರು ಇವರನ್ನು ನೆನೆದು ಹೆಸರು ಕೊಡಿ!