ಎರವಲು ಕಂಠದಿಂದ ಸ್ವಂತ ದನಿಯೆಡೆಗೆ: ಪಂಡಿತ ಕುಮಾರ ಗಂಧರ್ವರ ಜೀವನಪಥ

ಹನ್ನೆರಡನೆಯ ಶತಮಾನದ ಶರಣರು ಕೂಡಿದ ಅನುಭವ ಮಂಟಪ ಒಂದೇ. ಅವರು ಅಂಗೈಯಲ್ಲಿ ಧರಿಸಿ ಪೂಜಿಸಿದ ಇಷ್ಟಲಿಂಗದ ತತ್ತ್ವವೂ ಒಂದೇ. ಆದರೂ ಒಬ್ಬರ ವಚನವನ್ನು ಮತ್ತೊಬ್ಬರದೆಂದು ನಾವು ಭ್ರಮಿಸುವುದಿಲ್ಲ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ತತ್ತ್ವ ಎಲ್ಲರದು, ಅನುಭವ ಅವರವರದು. ತನ್ನ ಅನುಭವದಿಂದ ಬಂದ ಮಾತಿಗೆ ತಾನೇ ಹೊಣೆಯೆಂದು ಒಪ್ಪಿಕೊಳ್ಳುವ ಗುರುತೇ ಅಂಕಿತ.

ಕಲಾವಿದನ ಬದುಕಿನಲ್ಲಿಯೂ ಇಂತಹ ಅಂಕಿತವೊಂದು ಬೇಕು. ಅದು ಗುರುವು ಕೊಡುವಂಥದಲ್ಲ, ಹಣ ಕೊಟ್ಟು ಪಡೆಯುವಂಥದಲ್ಲ, ಹಟದಿಂದ ಕಟ್ಟಿಕೊಳ್ಳುವಂಥದೂ ಅಲ್ಲ. ಅದನ್ನು ಅರಸುತ್ತ ಹೋಗಿ, ಬಹಳ ದೊಡ್ಡ ಬೆಲೆಯನ್ನು ತೆತ್ತು ಪಡೆದುಕೊಂಡ ಒಬ್ಬ ಮಹನೀಯರ ಜೀವನವನ್ನು ಈ ಲೇಖನದಲ್ಲಿ ಭಕ್ತರ ಮುಂದಿಡಬಯಸುತ್ತೇವೆ. ಅವರೇ ಹಿಂದುಸ್ತಾನಿ ಸಂಗೀತದ ಮೇರು ಗಾಯಕರಾದ ಪಂಡಿತ ಕುಮಾರ ಗಂಧರ್ವರು.

ಕುಮಾರ ಗಂಧರ್ವರು ಬೆಳಗಾವಿ ಜಿಲ್ಲೆಯ ಸುಳೇಭಾವಿ ಗ್ರಾಮದಲ್ಲಿ 1924ರ ಏಪ್ರಿಲ್ 8ರಂದು ಲಿಂಗಾಯತ ಮನೆತನವೊಂದರಲ್ಲಿ ಜನಿಸಿದರು. ಅವರ ಹುಟ್ಟು ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ತಂದೆ ಸಿದ್ಧರಾಮಯ್ಯನವರು ಸ್ವತಃ ಹಾಡುವವರು, ಸಂಗೀತದ ಪರಮ ಅಭಿಮಾನಿಗಳು. ಮನೆಯಲ್ಲಿ ಹಾಡು ಕೇಳಿ ಬೆಳೆದ ಬಾಲಕ ಶಿವಪುತ್ರನು ಸುಮಾರು ಏಳರ ಪ್ರಾಯದಲ್ಲಿ, ಯಾರೂ ಕೂರಿಸಿ ಕಲಿಸದಿದ್ದರೂ, ತಾನಾಗಿಯೇ ಹಾಡತೊಡಗಿದನು. ಅದೂ ಎಂತಹ ಹಾಡು? ಗ್ರಾಮಾಫೋನ್ ತಟ್ಟೆಗಳಲ್ಲಿ ಕೇಳಿದ ಅಂದಿನ ಮಹಾನ್ ಗಾಯಕರ ಗಾಯನವನ್ನು ಆಲಾಪ, ತಾನು, ಉಸಿರಿನ ಏರಿಳಿತಗಳ ಸಮೇತ ಯಥಾವತ್ತಾಗಿ ಒಪ್ಪಿಸುವ ಹಾಡು. ಕಣ್ಣು ಮುಚ್ಚಿ ಕೇಳಿದವರಿಗೆ ದೊಡ್ಡ ಗವಾಯಿಯೇ ಎದುರಿಗೆ ಕುಳಿತಂತಾಗುತ್ತಿತ್ತು. ಕಣ್ಣು ತೆರೆದರೆ ಕಾಣುತ್ತಿದ್ದುದು ಪುಟ್ಟ ಪೋರ. ಈ ವಿಸ್ಮಯವನ್ನು ಕಂಡ ಲಿಂಗಾಯತ ಮಠದ ಸ್ವಾಮಿಗಳೊಬ್ಬರು ಬಾಲಕನನ್ನು ಕುಮಾರ ಗಂಧರ್ವನೆಂದು ಹರಸಿದರು. ಮಠದ ಆಶೀರ್ವಾದವಾಗಿ ಬಂದ ಆ ಹೆಸರೇ ಮುಂದೆ ಲೋಕವಿಖ್ಯಾತವಾಯಿತು. ಶಿವಪುತ್ರನೆಂಬ ಹೆಸರು ಹಿಂದೆ ಸರಿಯಿತು.

1936ರಲ್ಲಿ ಮುಂಬಯಿಯ ಜಿನ್ನಾ ಹಾಲ್‌ನಲ್ಲಿ ಸಂಗೀತ ಪರಿಷತ್ತೊಂದು ನಡೆಯಿತು. ಅದನ್ನು ಏರ್ಪಡಿಸಿದವರು ಪ್ರೊಫೆಸರ್ ಬಿ. ಆರ್. ದೇವಧರ ಅವರು. ದೇಶದ ಹಿರಿಯ ಕಲಾವಿದರು ನೆರೆದಿದ್ದ ಆ ಸಭೆಯಲ್ಲಿ ಹನ್ನೆರಡರ ಆಸುಪಾಸಿನ ಈ ಬಾಲಕ ಹಾಡಿ ಸಭಿಕರೆಲ್ಲರನ್ನೂ ಬೆರಗುಗೊಳಿಸಿದನು. ಅಂದಿನ ಜಯವನ್ನೇ ನೆಚ್ಚಿಕೊಂಡು ಊರೂರು ತಿರುಗಿದ್ದರೆ ಹಣಕ್ಕೂ ಕೀರ್ತಿಗೂ ಕೊರತೆಯಿರುತ್ತಿರಲಿಲ್ಲ. ಆದರೆ ಎಳೆಯ ಕಂಠ ಒಡೆದು ಪ್ರಾಯದ ಕಂಠ ಬಂದ ದಿನ ಆ ಬೆರಗು ಮುಗಿಯುತ್ತದೆ. ಬಾಲಪ್ರತಿಭೆಗಳಾಗಿ ಮೆರೆದು, ಬೆಳೆದ ಮೇಲೆ ಹೇಳಹೆಸರಿಲ್ಲದಂತೆ ಮರೆಯಾದವರು ಎಷ್ಟೋ ಮಂದಿ. ಶಿವಪುತ್ರನ ಪುಣ್ಯವೆಂದರೆ, ಅದೇ ವರ್ಷ ತಂದೆಯವರು ಅವನನ್ನು ದೇವಧರ ಅವರ ಗುರುಕುಲಕ್ಕೆ ಒಪ್ಪಿಸಿದರು.

ದೇವಧರ ಅವರು ಪಂಡಿತ ವಿಷ್ಣು ದಿಗಂಬರ ಪಲುಸ್ಕರ ಅವರ ಶಿಷ್ಯರು. ಅವರ ಶಾಲೆಯ ಬಾಗಿಲು ಎಲ್ಲ ಘರಾಣೆಗಳಿಗೂ ತೆರೆದಿತ್ತು. ಅಂದಿನ ದಿನಗಳಲ್ಲಿ ಒಂದು ಘರಾಣೆಯ ಶಿಷ್ಯನು ಮತ್ತೊಂದು ಘರಾಣೆಯ ಹಾಡನ್ನು ಕೇಳುವುದೂ ಅಪರಾಧವೆಂಬಂತಿತ್ತು. ಹಾಗಿರುವಾಗ ದೇವಧರ ಅವರು ಬೇರೆ ಬೇರೆ ಪರಂಪರೆಗಳ ಉಸ್ತಾದರನ್ನು ಬರಮಾಡಿಕೊಂಡು, ಅವರ ಚೀಜುಗಳನ್ನು ಸಂಗ್ರಹಿಸಿ, ಶಿಷ್ಯರೊಡನೆ ಚರ್ಚಿಸುತ್ತಿದ್ದರು. ಪಾಶ್ಚಾತ್ಯ ಸಂಗೀತದ ಪರಿಚಯವೂ ಅವರಿಗಿತ್ತು. ಆ ಗುರುವಿನ ಬಳಿ ಕುಮಾರರು ಹತ್ತು ವರ್ಷಗಳಿಗೂ ಮಿಕ್ಕಿ ಇದ್ದರು. ಕಲಿಯುತ್ತಲೇ ಕಲಿಸುವವರೂ ಆದರು. ಭೇಂಡಿಬಜಾರ್ ಘರಾಣೆಯ ಹಿರಿಯ ಗಾಯಕಿ ಅಂಜನೀಬಾಯಿ ಮಾಲ್ಪೇಕರ ಅವರಿಂದಲೂ ಮಾರ್ಗದರ್ಶನ ಪಡೆದರು. ಹೇಗೆ ಹಾಡಬೇಕೆಂಬುದು ಹುಟ್ಟಿನಿಂದಲೇ ಬಂದಿದ್ದ ಬಾಲಕನಿಗೆ, ಹೀಗೆಯೇ ಏಕೆ ಹಾಡಬೇಕೆಂಬ ಪ್ರಶ್ನೆಯನ್ನು ಕಲಿಸಿದ್ದು ಈ ಗುರುಗೃಹ. ಅನುಕರಣೆಯು ಕಿವಿಯ ಶಕ್ತಿ. ಪ್ರಶ್ನೆಯು ಅರಿವಿನ ಶಕ್ತಿ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಕನ್ನಡಿಯಲ್ಲಿನ ದೀಪದಂತೆ, ಹೊಳೆದರೂ ಬೆಳಕು ಅದರದಲ್ಲ.

1947ರಲ್ಲಿ ಕುಮಾರರು ತಮ್ಮಂತೆಯೇ ಸಂಗೀತ ಸಾಧಕಿಯಾಗಿದ್ದ ಭಾನುಮತಿಯವರನ್ನು ವಿವಾಹವಾದರು. ಬದುಕು ಹಸನಾಯಿತು ಎನ್ನುವಷ್ಟರಲ್ಲಿ ಸಿಡಿಲು ಬಡಿಯಿತು. ಕುಮಾರರಿಗೆ ಕ್ಷಯರೋಗವೆಂದು ವೈದ್ಯರು ನಿರ್ಣಯಿಸಿದರು. ಅಂದು ಆ ರೋಗಕ್ಕೆ ನಂಬಿಕೆಯ ಔಷಧವಿರಲಿಲ್ಲ; ಒಣಹವೆ ಮತ್ತು ವಿಶ್ರಾಂತಿಗಳೇ ಚಿಕಿತ್ಸೆ. ಆ ಕಾರಣದಿಂದ 1948ರ ಆರಂಭದಲ್ಲಿ ದಂಪತಿಗಳು ಮುಂಬಯಿಯನ್ನು ತೊರೆದು ಮಾಳವ ಪ್ರಾಂತ್ಯದ, ಇಂದೋರಿಗೆ ಸಮೀಪದ ದೇವಾಸ್ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿದರು. ವೈದ್ಯರ ಕಟ್ಟಪ್ಪಣೆ ಒಂದೇ: ಹಾಡಕೂಡದು.

ಇಪ್ಪತ್ತಮೂರು ಇಪ್ಪತ್ತನಾಲ್ಕರ ಹರೆಯದ ಗಾಯಕನಿಗೆ ಇದಕ್ಕಿಂತ ಘೋರವಾದ ಶಿಕ್ಷೆ ಯಾವುದಿದ್ದೀತು? ಹಾಡೇ ಉಸಿರಾಗಿದ್ದವರಿಗೆ ಉಸಿರೇ ಹಾಡಿನ ಶತ್ರುವಾಯಿತು. ಒಂದೆರಡು ತಿಂಗಳಲ್ಲ, ಸುಮಾರು ಐದು ವರ್ಷ ಅವರು ಹಾಸಿಗೆಯ ಮೇಲೆ ಮೌನವಾಗಿ ಕಳೆದರು. ಭಾನುಮತಿಯವರು ಶಿಕ್ಷಕಿಯಾಗಿ ದುಡಿದು ಮನೆಯನ್ನು ನಡೆಸಿದರು, ಪತಿಯ ಶುಶ್ರೂಷೆಯನ್ನೂ ಮಾಡಿದರು. ಕುಮಾರರ ಕಲೆಯನ್ನು ಕೊಂಡಾಡುವವರು ಆ ತಾಯಿಯ ಕಾಯಕವನ್ನು ಮರೆಯಲಾಗದು. ಅವರು ಹೊತ್ತ ಭಾರದ ಮೇಲೆಯೇ ಮುಂದಿನ ಸಾಧನೆಯೆಲ್ಲ ನಿಂತಿದೆ.

ಹಾಡಲಾಗದವರಿಗೆ ಉಳಿದದ್ದು ಕೇಳುವುದೊಂದೇ. ಕುಮಾರರು ಕೇಳಿದರು. ಹಕ್ಕಿಗಳ ಕೂಗು, ಗಾಳಿಯ ಸುಳಿವು, ಬೀದಿಯಲ್ಲಿ ಹಾದುಹೋಗುವವರ ಗುನುಗು, ಮದುವೆಯ ಮನೆಗಳಲ್ಲಿ ಮಾಳವದ ಹೆಣ್ಣುಮಕ್ಕಳು ಹಾಡುವ ಪದಗಳು, ಮಳೆಗಾಲದ ಹಾಡು, ತೊಟ್ಟಿಲ ಹಾಡು ಎಲ್ಲವೂ ಹಾಸಿಗೆಯವರೆಗೆ ಬಂದವು. ಶಾಸ್ತ್ರ ಬಲ್ಲವರು ಅಲಕ್ಷಿಸುತ್ತಿದ್ದ ಆ ಹಾಡುಗಳಲ್ಲಿ ಅವರು ಶಾಸ್ತ್ರದ ಬೇರನ್ನೇ ಕಂಡರು. ನಾಲ್ಕೈದು ಸ್ವರಗಳಲ್ಲಿ ಮುಗಿದುಹೋಗುವ ಜನಪದ ಧಾಟಿಯೊಂದರೊಳಗೆ ರಾಗವೊಂದು ಬೀಜದಂತೆ ಅಡಗಿರುತ್ತದೆ ಎಂಬುದು ಅವರ ಅರಿವಾಯಿತು. ನಮ್ಮ ಹೊಸಕೋಟೆ ಸೀಮೆಯ ಸಮೇತನಹಳ್ಳಿಯಂತಹ ಊರುಗಳಲ್ಲಿ ಹಿಂದೆ ರಾಗಿ ಬೀಸುವಾಗ, ಸೋಬಾನೆ ಹಾಡುವಾಗ ನಮ್ಮ ಅಜ್ಜಿಯಂದಿರು ಎತ್ತುತ್ತಿದ್ದ ದನಿಯನ್ನು ನೆನೆದರೆ ಈ ಮಾತಿನ ಸತ್ಯ ನಮಗೂ ಹೊಳೆಯುತ್ತದೆ. ಆ ದನಿಗೆ ರಾಗದ ಹೆಸರು ಗೊತ್ತಿರಲಿಲ್ಲ. ರಾಗಕ್ಕೆ ಬೇಕಾದ ಜೀವವೆಲ್ಲ ಅದರಲ್ಲಿತ್ತು.

ದೇವಾಸಿನಲ್ಲಿ ಶೀಲನಾಥ ಮಹಾರಾಜರ ಧುನಿ ಎಂಬ ನಾಥಪಂಥದ ಸ್ಥಾನವಿದೆ. ನಾಥ ಸಾಧುಗಳು ಏಕತಾರಿ ಹಿಡಿದು ಹಾಡುತ್ತಿದ್ದ ಕಬೀರರ ನಿರ್ಗುಣ ಪದಗಳು ಕುಮಾರರ ಹೃದಯವನ್ನು ಹೊಕ್ಕವು. ಆಕಾರವಿಲ್ಲದ ಪರವಸ್ತುವನ್ನು ಹಾಡುವಾಗ ದನಿಯಲ್ಲಿ ಆಡಂಬರಕ್ಕೆ ಎಡೆಯಿರಲಾಗದು. ಶೂನ್ಯವನ್ನು ಧ್ಯಾನಿಸಿದ ಅಲ್ಲಮಪ್ರಭುಗಳ ಪರಂಪರೆಯವರಾದ ನಮಗೆ ಈ ಮಾತು ಹೊಸತಲ್ಲ.

1952ರ ಹೊತ್ತಿಗೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಕೈಗೆ ದೊರೆಯಿತು. ರೋಗ ಇಳಿಯಿತು, ಆದರೆ ಒಂದು ಶ್ವಾಸಕೋಶ ಮೊದಲಿನಂತಾಗಲಿಲ್ಲ. 1953ರಲ್ಲಿ ಅವರು ಮತ್ತೆ ವೇದಿಕೆಯನ್ನು ಏರಿದಾಗ ಕೇಳುಗರು ಹಳೆಯ ಬಾಲಗಾಯಕನನ್ನು ನಿರೀಕ್ಷಿಸಿದ್ದರು. ಎದುರಿಗೆ ಕುಳಿತವರು ಬೇರೊಬ್ಬರೇ ಆಗಿದ್ದರು. ಉದ್ದನೆಯ ಉಸಿರಿನ ಓಟದ ಸ್ಥಳದಲ್ಲಿ ಚಿಕ್ಕ ಚಿಕ್ಕ ಸ್ವರವಾಕ್ಯಗಳು, ಒಮ್ಮೆ ಮಿಂಚಿನಂತೆ ಏರುವ ದನಿ, ಮರುಕ್ಷಣ ಪಿಸುನುಡಿಯಷ್ಟು ಮೃದು, ನಡುನಡುವೆ ಮೌನ. ಆ ಮೌನದಲ್ಲಿ ಎರಡು ತಂಬೂರಿಗಳ ನಾದ ತುಂಬಿಕೊಳ್ಳುತ್ತಿತ್ತು. ತಂಬೂರಿ ಶ್ರುತಿಗೊಳ್ಳುವವರೆಗೆ ಅವರು ಹಾಡಲು ತೊಡಗುತ್ತಲೇ ಇರಲಿಲ್ಲ. ಅದಕ್ಕಾಗಿ ಎಷ್ಟು ಹೊತ್ತಾದರೂ ಬೇಸರಿಸುತ್ತಿರಲಿಲ್ಲ. ರೋಗವೇ ಈ ಶೈಲಿಯನ್ನು ಕೊಟ್ಟಿತೆಂದು ಕೆಲವರು ಹೇಳುವುದುಂಟು. ಆ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ರೋಗದಿಂದ ಉಸಿರು ಕುಗ್ಗಿದವರು ಲೋಕದಲ್ಲಿ ಅನೇಕರು. ಉಳಿದ ಉಸಿರಿನಲ್ಲಿ ಏನನ್ನು ಹೇಳಬೇಕೆಂಬ ವಿವೇಕವನ್ನು ಕೊಟ್ಟದ್ದು ಗುರುವಿನ ಪಾಠ ಮತ್ತು ಐದು ವರ್ಷಗಳ ಆಲಿಸುವಿಕೆ.

ಅಲ್ಲಿಂದ ಮುಂದೆ ಅವರ ಸೃಷ್ಟಿ ತುಂಬಿ ಹರಿಯಿತು. ಜನಪದ ಧಾಟಿಗಳಿಂದ ಮೂಡಿದ ರಾಗಗಳಿಗೆ ಧುನ್ ಉಗಮ ರಾಗಗಳೆಂಬ ಹೆಸರು ಬಂದಿತು. ಮಾಲವತಿ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿ ಮುಂತಾದ ಹೊಸ ರಾಗಗಳನ್ನು ಅವರು ನೀಡಿದರು. ಮಹಾತ್ಮ ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭಕ್ಕಾಗಿ ಗಾಂಧಿ ಮಲ್ಹಾರವನ್ನು ರಚಿಸಿದರು. ತಮ್ಮ ರಚನೆಗಳನ್ನು 1965ರಲ್ಲಿ ಅನೂಪ ರಾಗವಿಲಾಸ ಎಂಬ ಗ್ರಂಥವಾಗಿ ಪ್ರಕಟಿಸಿದರು. ಮಳೆ, ಹೇಮಂತ, ವಸಂತಗಳನ್ನು ಕುರಿತು ಇಡೀ ಸಂಜೆಯ ಕಛೇರಿಗಳನ್ನು ರೂಪಿಸಿದರು. ಮಾಳವದ ಲೋಕಗೀತೆಗಳನ್ನು ಅದೇ ಗೌರವದಿಂದ ವೇದಿಕೆಗೆ ತಂದರು. ಕಬೀರ, ಸೂರದಾಸ, ಮೀರಾ, ತುಕಾರಾಮರ ಪದಗಳು ಅವರ ಕಂಠದಲ್ಲಿ ಮರುಹುಟ್ಟು ಪಡೆದವು.

ಒಂದು ಸಂಗತಿಯನ್ನು ಭಕ್ತರು ವಿಶೇಷವಾಗಿ ಗಮನಿಸಬೇಕು. ಮರಾಠಿ ರಂಗಭೂಮಿಯ ಮಹಾನ್ ನಟ, ಗಾಯಕ ಬಾಲಗಂಧರ್ವರ ನಾಟ್ಯಗೀತೆಗಳನ್ನು ಕುಮಾರರು ಒಂದು ಕಾರ್ಯಕ್ರಮವಾಗಿ ಹಾಡಿದರು. ಅದಕ್ಕೆ ಅವರಿಟ್ಟ ಮರಾಠಿ ಹೆಸರಿನ ಅರ್ಥ, ನನಗೆ ತಿಳಿದ ಬಾಲಗಂಧರ್ವ ಎಂದು. ಎಳವೆಯಲ್ಲಿ ಹಿರಿಯರನ್ನು ಅಚ್ಚೊತ್ತಿದಂತೆ ಒಪ್ಪಿಸಿದ ಕಂಠವೇ ಈಗ ಹಿರಿಯರೊಬ್ಬರನ್ನು ತನ್ನ ತಿಳಿವಿನ ಮೂಲಕ ಕಾಣಿಸಿತು. ಗೀತೆ ಅವೇ, ಗೌರವವೂ ಅದೇ. ಆದರೆ ನಕಲು ಹೋಗಿ ತಿಳಿವು ಬಂದಿತ್ತು. ಎರವಲಿಗೂ ಸ್ವಂತಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ನಮಗೆ ಕಾಣದು.

ಸ್ವತಂತ್ರವಾಗಿ ನಡೆಯುವವರಿಗೆ ಎದುರಾಗುವ ನಿಂದೆ ಅವರಿಗೂ ತಪ್ಪಲಿಲ್ಲ. ಯಾವ ಘರಾಣೆಗೂ ಸೇರದವರು, ರಾಗದ ಕಟ್ಟಳೆಯನ್ನು ಮುರಿಯುವವರು, ವಿಲಂಬಿತವನ್ನು ಸಾವಧಾನವಾಗಿ ಬೆಳೆಸದವರು ಎಂದು ಸಂಪ್ರದಾಯಸ್ಥರು ಟೀಕಿಸಿದರು. ಅವರು ಜಗಳಕ್ಕೆ ನಿಲ್ಲದೆ ಹಾಡುತ್ತ ಹೋದರು. ಅವರದೇ ಕಾಲದಲ್ಲಿ, ಅವರದೇ ನಾಡಿನ ಮಲ್ಲಿಕಾರ್ಜುನ ಮನ್ಸೂರರು ಜೈಪುರ ಅತ್ರೌಲಿ ಘರಾಣೆಯನ್ನು ಆಶ್ರಯಿಸಿಯೇ ಶಿಖರವನ್ನೇರಿದರು. ಪರಂಪರೆಯೊಳಗೆ ಆಳಕ್ಕೆ ಇಳಿದವರಿಗೂ, ಅದರ ಅಂಗಳದಾಚೆಗೆ ಹೆಜ್ಜೆಯಿಟ್ಟವರಿಗೂ ಸ್ವಂತ ದನಿ ದೊರೆಯಿತು. ದಾರಿ ಯಾವುದೆಂಬುದಕ್ಕಿಂತ ನಡೆಯುವವರ ಪ್ರಾಮಾಣಿಕತೆಯೇ ಮುಖ್ಯವೆಂಬುದನ್ನು ಈ ಇಬ್ಬರು ಲಿಂಗಾಯತ ಸುಪುತ್ರರು ನಮಗೆ ತೋರಿಸಿದ್ದಾರೆ.

1961ರಲ್ಲಿ ಭಾನುಮತಿಯವರು ಲಿಂಗೈಕ್ಯರಾದದ್ದು ಕುಮಾರರ ಬದುಕಿನ ಮತ್ತೊಂದು ದೊಡ್ಡ ಆಘಾತ. ಮರುವರ್ಷ ವಸುಂಧರಾ ಶ್ರೀಖಂಡೆಯವರು ಅವರ ಕೈಹಿಡಿದರು. ಬಾಳಿನಲ್ಲಿಯೂ ವೇದಿಕೆಯಲ್ಲಿಯೂ ಜೊತೆಯಾದರು. ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ ಕೋಮಕಲಿ ಇಬ್ಬರೂ ಗಾಯಕರಾದರು. ಭಾರತ ಸರ್ಕಾರವು 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ನೀಡಿ ಗೌರವಿಸಿತು. 1992ರ ಜನವರಿ 12ರಂದು, ತಮಗೆ ಮರುಜನ್ಮ ನೀಡಿದ ದೇವಾಸಿನಲ್ಲಿಯೇ ಅವರು ದೇಹವನ್ನು ತೊರೆದರು.

ಸದ್ಭಕ್ತರೇ, ಇಂದು ನಮ್ಮ ಮನೆಗಳ ಮಕ್ಕಳು ಬಹಳ ಚೆನ್ನಾಗಿ ಹಾಡುತ್ತಾರೆ. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಕೇಳಿದ್ದನ್ನು ಹಾಗೆಯೇ ಒಪ್ಪಿಸಿದಾಗ, ಥೇಟ್ ಅವರಂತೆಯೇ ಹಾಡಿತೆಂದು ನಾವು ಚಪ್ಪಾಳೆ ತಟ್ಟುತ್ತೇವೆ. ಮೆಚ್ಚುಗೆ ತಪ್ಪಲ್ಲ, ಎಲ್ಲ ಕಲಿಕೆಯೂ ಅನುಕರಣೆಯಿಂದಲೇ ಆರಂಭವಾಗುತ್ತದೆ. ಆದರೆ ಚಪ್ಪಾಳೆಯಾದ ಮೇಲೆ ಮಗುವನ್ನು ಒಳ್ಳೆಯ ಗುರುವಿಗೆ ಒಪ್ಪಿಸುವುದು, ಪ್ರಶ್ನೆ ಕೇಳಿದರೆ ಗದರದಿರುವುದು, ವರ್ಷಗಟ್ಟಲೆ ಯಾವ ಬಹುಮಾನವೂ ಬಾರದಿದ್ದರೂ ಸಹನೆಯಿಂದ ಕಾಯುವುದು ಹಿರಿಯರ ಹೊಣೆ. ಸಿದ್ಧರಾಮಯ್ಯನವರು ಮಗನ ಜಯವನ್ನು ವ್ಯಾಪಾರಕ್ಕೆ ಹಚ್ಚಿ ಸುಮ್ಮನಾಗಿದ್ದರೆ, ದೇವಧರ ಅವರು ಶಿಷ್ಯನನ್ನು ತಮ್ಮ ನೆರಳಾಗಿಸಿಕೊಂಡಿದ್ದರೆ, ಭಾನುಮತಿಯವರು ಕೈಚೆಲ್ಲಿದ್ದರೆ ನಮಗೆ ಕುಮಾರ ಗಂಧರ್ವರು ದಕ್ಕುತ್ತಿರಲಿಲ್ಲ. ಸ್ವತಂತ್ರ ಕಲಾವಿದನೆಂದರೆ ಯಾರ ಋಣವೂ ಇಲ್ಲದವನಲ್ಲ. ಪಡೆದ ಋಣವನ್ನೆಲ್ಲ ತನ್ನ ದನಿಯಲ್ಲಿ ತೀರಿಸುವವನು.

ಸಾಹಿತ್ಯ, ಸಂಗೀತ, ಚಿತ್ರ, ಶಿಲ್ಪ ಯಾವುದೇ ಕ್ಷೇತ್ರದಲ್ಲಿ ಸಾಧನೆಗೆ ತೊಡಗಿರುವ ನಮ್ಮ ಸಮಾಜದ ತರುಣ ತರುಣಿಯರು ಈ ಮಹನೀಯರ ಗಾಯನವನ್ನು ಒಮ್ಮೆ ನಿರಾಳವಾಗಿ ಕುಳಿತು ಆಲಿಸಬೇಕೆಂದು ನಾವು ಕೋರುತ್ತೇವೆ. ಎರಡು ಸ್ವರವಾಕ್ಯಗಳ ನಡುವೆ ಅವರು ಬಿಡುವ ಮೌನವನ್ನೂ ಆಲಿಸಿರಿ. ಆ ಮೌನವನ್ನು ಗಳಿಸಲು ಅವರಿಗೆ ಐದು ವರ್ಷ ಬೇಕಾಯಿತು.