ಮಕ್ಕಳ ಇಸುಬಿಗೆ ಸ್ಟಿರಾಯ್ಡ್ ಮುಲಾಮು ವಿಷವೇ? ಉತ್ತರ ಕೆಂಡಾಲ್ ಬದುಕಿನಲ್ಲಿದೆ

ಮಗುವಿನ ಮೊಣಕೈ, ಮಂಡಿಯ ಮಡಿಕೆಗಳಲ್ಲಿ ಇಸುಬು, ಅಂದರೆ ಎಕ್ಸಿಮಾ. ರಾತ್ರಿಯೆಲ್ಲ ತುರಿಕೆ. ಡಾಕ್ಟರ್ ಬರೆದುಕೊಟ್ಟ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇದೆ ಎಂದು ತಿಳಿದೊಡನೆ ಎಷ್ಟೋ ತಾಯಂದಿರು ಅದನ್ನು ಎತ್ತಿಟ್ಟುಬಿಡುತ್ತಾರೆ. ಸ್ಟಿರಾಯ್ಡ್ ಎಂದರೆ ವಿಷ ಎನ್ನುವ ಫಾರ್ವರ್ಡ್ ಕಡೂರು, ತರೀಕೆರೆ, ಅಜ್ಜಂಪುರದ ನಿಮ್ಮ ಫೋನಿಗೂ ಬಂದಿರಬಹುದು. ಈ ಭಯ ಎಲ್ಲಿಂದ ಬಂತು? ನಾವು ಒಬ್ಬ ವಿಜ್ಞಾನಿಯ ಬದುಕನ್ನು ನೋಡೋಣ.

ಎಡ್ವರ್ಡ್ ಕೆಂಡಾಲ್ ಹುಟ್ಟಿದ್ದು 1886ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. ತಂದೆ ದಂತವೈದ್ಯರು. ರಸಾಯನಶಾಸ್ತ್ರ ಓದಿದ ಕೆಂಡಾಲ್ 1914ರಲ್ಲಿ ಮೇಯೊ ಕ್ಲಿನಿಕ್ ಸೇರಿದರು. ಅದೇ ವರ್ಷ ಕ್ರಿಸ್‌ಮಸ್ ದಿನ ಥೈರಾಕ್ಸಿನ್ ಹಾರ್ಮೋನನ್ನು ಹರಳಾಗಿ ಬೇರ್ಪಡಿಸಿದರು.

ಆಮೇಲೆ ಅವರ ಗಮನ ಹರಿದಿದ್ದು ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯತ್ತ. 1930ರ ದಶಕದಲ್ಲಿ ದನಗಳ ಅಡ್ರಿನಲ್ ಗ್ರಂಥಿಯಿಂದ ಹಲವು ವಸ್ತುಗಳನ್ನು ಬೇರ್ಪಡಿಸಿ ಎ, ಬಿ, ಇ, ಎಫ್ ಎಂದು ಅಕ್ಷರದ ಹೆಸರಿಟ್ಟರು. 'ಇ' ಮುಂದೆ ಕಾರ್ಟಿಸೋನ್ ಆಯಿತು, 'ಎಫ್' ಹೈಡ್ರೋಕಾರ್ಟಿಸೋನ್.

1948ರ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ಫಿಲಿಪ್ ಹೆಂಚ್, ಕೀಲುವಾತದಿಂದ ನಡೆಯಲಾಗದೆ ನರಳುತ್ತಿದ್ದ 29 ವರ್ಷದ ಮಹಿಳೆಗೆ 'ಇ' ಇಂಜೆಕ್ಷನ್ ಕೊಡಿಸಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಕೆಂಡಾಲ್, ಹೆಂಚ್ ಮತ್ತು ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಆದರೆ ದೊಡ್ಡ ಪ್ರಮಾಣದಲ್ಲಿ, ಬಹುಕಾಲ ಪಡೆದ ರೋಗಿಗಳ ಮುಖ ಊದಿತು, ಬೇರೆ ತೊಂದರೆಗಳೂ ಕಂಡವು. ಇಂದಿನ ಭಯದ ಒಂದು ಬೇರು ಇಲ್ಲಿದೆ. ಗಮನಿಸಿ, ಅದು ಇಡೀ ದೇಹಕ್ಕೆ ಹೋದ ಔಷಧ.

ಚರ್ಮದ ಕಥೆಯೇ ಬೇರೆ. ಕಾರ್ಟಿಸೋನ್ ಹಚ್ಚಿದರೆ ಫಲ ಸಿಗಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ 'ಎಫ್' ಮುಲಾಮು ಹಚ್ಚಿ ನೋಡಿದರು, ಇಸುಬು ತಗ್ಗಿತು. ಈ 'ಎಫ್' ನಮ್ಮ ದೇಹವೇ ದಿನವೂ ತಯಾರಿಸುವ ಕಾರ್ಟಿಸಾಲ್! ನಿವೃತ್ತಿಯ ನಂತರವೂ ಸಂಶೋಧನೆ ಬಿಡದ ಕೆಂಡಾಲ್ 1972ರಲ್ಲಿ ತೀರಿಕೊಂಡರು.

ಹಾಗಾದರೆ ಫಾರ್ವರ್ಡ್ ಪೂರ್ತಿ ಸುಳ್ಳೇ? ಅಲ್ಲ, ಅರ್ಧ ಸತ್ಯ. ಕಡಿಮೆ ಶಕ್ತಿಯ ಮುಲಾಮನ್ನು ಡಾಕ್ಟರ್ ಹೇಳಿದಷ್ಟು ದಿನ ಹಚ್ಚಿದರೆ ಪುಟ್ಟ ಮಕ್ಕಳಿಗೂ ಸಾಮಾನ್ಯವಾಗಿ ಸುರಕ್ಷಿತ. ಶಕ್ತಿಶಾಲಿ ಮುಲಾಮನ್ನು ತಿಂಗಳುಗಟ್ಟಲೆ, ಅದರಲ್ಲೂ ಮುಖಕ್ಕೆ ಅಥವಾ ಡೈಪರ್ ಕೆಳಗೆ ಹಚ್ಚಿದರೆ ಅಪಾಯ, ಚರ್ಮ ತೆಳುವಾಗುತ್ತದೆ. ಹಾಗೆಂದು ಇಸುಬನ್ನು ಹಾಗೇ ಬಿಟ್ಟರೆ ಕೆರೆದ ಗಾಯಕ್ಕೆ ಸೋಂಕು ತಗಲಬಹುದು.

ನೆನಪಿಡಿ:
• ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳನ್ನು ಚೀಟಿ ಬೇಕೇಬೇಕಾದ ಪಟ್ಟಿಗೆ ಸೇರಿಸಿದೆ.
• ದೊಡ್ಡವರ ಬೆರಳ ತುದಿಯಿಂದ ಮೊದಲ ಗೆರೆವರೆಗಿನ ಮುಲಾಮು, ಅಂದರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.
• ಚರ್ಮ ಒಣಗದಂತೆ ಮಾಯಿಶ್ಚರೈಸರ್ ದಿನವೂ ಇರಲಿ.
• ಪಕ್ಕದ ಮನೆಯ ಟ್ಯೂಬು ನಿಮ್ಮ ಮಗುವಿಗೆ ಬೇಡ.

ಮುಂದಿನ ಸಲ ಆ ಸಂದೇಶ ಬಂದರೆ, ಇದನ್ನೂ ಜೊತೆಗೆ ಕಳಿಸಿ.