ಚಪ್ಪರದ ದಿನ ಹಚ್ಚಿದ ಗೋರಂಟಿ

ಹೊರದೇಶದಲ್ಲಿರುವ ಮಕ್ಕಳೇ, ನೀವು ಮೆಹಂದಿ ಅನ್ನುವುದನ್ನು ಕೋಲಾರದ ಕಡೆಯ ಹಿರಿಯರು ಗೋರಂಟಿ ಅನ್ನುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರ ಆಂಧ್ರದ ಗಡಿಗೆ ಹತ್ತಿರ; ಅಲ್ಲಿನ ಎಷ್ಟೋ ಮನೆಗಳಲ್ಲಿ ಗೋರಿಂಟಾಕು ಎಂಬ ತೆಲುಗು ಮಾತೂ ನಡೆಯುತ್ತದೆ. ಮಂಗಳೂರಿನವರಿಗೆ ಅದೇ ಮದರಂಗಿ.

ಒಮ್ಮೆ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಹತ್ತಿರದ ಹಳ್ಳಿಗೆ ಮದುವೆಗೆ ಹೋಗಿದ್ದೆ. ಚಪ್ಪರದ ದಿನ ಸಂಜೆ, ಗೋರಂಟಿ ರುಬ್ಬುವುದನ್ನು ನೋಡೋಣವೆಂದು ಹಿತ್ತಿಲ ಕಡೆ ನಡೆದೆ. ಹೆಣ್ಣಿನ ಅಜ್ಜಿ ನನ್ನ ಕೈಗೆ ಮೊರ ಕೊಟ್ಟು, "ಸುಮ್ನೆ ನಿಂತ್ಕೋಬೇಡಮ್ಮ, ಎಲೆ ಬಿಡಿಸು" ಅಂದರು. ಬೇಲಿಯಲ್ಲಿ ಬೆಳೆದ ಗಿಡದ್ದೇ ರೆಂಬೆಗಳು. ಎಲೆ ಕಿರುಬೆರಳ ಉಗುರಿಗಿಂತ ಸ್ವಲ್ಪ ಉದ್ದ. ಕಡ್ಡಿ ಉಳಿದರೆ ನುಣ್ಣಗಾಗದು. ನಮ್ಮ ಮಾಲೂರಿನ ಮನೆಯಲ್ಲಿ ರುಬ್ಬುವಾಗ ಹುಣಸೆಹಣ್ಣು ಹಾಕುತ್ತಿದ್ದರು, ಅಲ್ಲಿ ನಿಂಬೆರಸ ಹಿಂಡಿದರು. ಎರಡರ ಕೆಲಸವೂ ಒಂದೇ: ಹುಳಿ ಬಿದ್ದರೆ ಎಲೆ ಬಣ್ಣ ಬಿಡುತ್ತದೆ. ಆ ಬಣ್ಣಕ್ಕೆ ಲಾಸೋನ್ ಎಂದು ಹೆಸರು. ಚರ್ಮದ, ಉಗುರಿನ ಕೆರಾಟಿನ್‌ಗೆ ಅದು ಅಂಟಿಕೊಳ್ಳುತ್ತದೆ. ಅಂಗೈ ಚರ್ಮ ದಪ್ಪ, ಅದಕ್ಕೇ ಅಲ್ಲಿ ಹೆಚ್ಚು ಕೆಂಪು. ಒರಳಲ್ಲಿ ರುಬ್ಬುತ್ತಿದ್ದ ಚಿಕ್ಕಮ್ಮನ ಕೈಯಂತೂ ಮದುವೆ ಹೆಣ್ಣಿಗಿಂತ ಮೊದಲೇ ಕೆಂಪಾಗಿತ್ತು!

ಹೂಬಳ್ಳಿ, ನವಿಲು ಏನೂ ಇರಲಿಲ್ಲ. ಅಂಗೈ ನಡುವೆ ರೂಪಾಯಿಯಗಲದ ಬೊಟ್ಟು, ಸುತ್ತ ಚಿಕ್ಕ ಬೊಟ್ಟುಗಳು, ಬೆರಳ ತುದಿಗಳಿಗೆಲ್ಲ ಟೋಪಿ. ಹೆಣ್ಣಿಗೆ ಹಚ್ಚಿದ್ದನ್ನೇ ನನಗೂ ಹಚ್ಚಿದರು. ಕೋನಿನ ಕುಸುರಿ ಚೆಂದವೇ, ಆದರೆ ನನ್ನ ಕಣ್ಣಿಗೆ ಈ ಬೊಟ್ಟಿನ ಮುಂದೆ ಅದು ಸ್ವಲ್ಪ ಸಪ್ಪೆ.

ಎರಡೂ ಕೈ ತುಂಬಿದ ಮೇಲೆ ಊಟ ಹೇಗೆ? ಹೆಣ್ಣಿನ ದೊಡ್ಡಮ್ಮ ಒಂದೇ ತಟ್ಟೆಯಲ್ಲಿ ಮುದ್ದೆ, ಬಸ್ಸಾರು ಹಾಕಿಕೊಂಡು ಬಂದು ಸಾಲಾಗಿ ಕೂತಿದ್ದ ನಮಗೆಲ್ಲ ತುತ್ತು ಕೊಟ್ಟರು. ಅವರನ್ನು ನಾನು ಮೊದಲು ನೋಡಿದ್ದು ಅದೇ ಮಧ್ಯಾಹ್ನ. ನೆಂಟಸ್ತಿಕೆ ಅಂದರೇನೆಂದು ನನ್ನನ್ನು ಕೇಳಿದರೆ ಆ ತುತ್ತನ್ನೇ ತೋರಿಸುತ್ತೇನೆ.

ಕೋಲಾರ, ಮುಳಬಾಗಿಲಿನ ಮುಸ್ಲಿಂ ಮನೆಗಳಲ್ಲಿ ಮದುವೆಗೆ ಮುಂಚೆ ಮೆಹಂದಿಯ ರಾತ್ರಿ ಹಿಂದಿನಿಂದಲೂ ಇದೆ. ನನ್ನ ನೆಂಟರ ಮನೆಗಳಲ್ಲಿ ಅದಕ್ಕೆಂದೇ ಬೇರೆ ಸಮಾರಂಭ ಇರಲಿಲ್ಲ. ಅರಿಶಿನ, ನಲುಗು, ಬಳೆ ತೊಡಿಸುವುದರ ಜತೆಗೇ ಗೋರಂಟಿಯೂ ಆಗುತ್ತಿತ್ತು. ಈಗ ಹಾಡು-ಕುಣಿತದ ಮೆಹಂದಿ ಸಂಜೆ ನಮ್ಮ ಕಲ್ಯಾಣ ಮಂಟಪಗಳಿಗೂ ಬಂದಿದೆ.

ಕೆಂಪಾದಷ್ಟೂ ಗಂಡನ ಪ್ರೀತಿ ಹೆಚ್ಚೆಂದು ಹೆಣ್ಣನ್ನು ರೇಗಿಸುತ್ತಾರೆ. ಆದರೆ ಹಚ್ಚಿದ್ದನ್ನು ತೆಗೆದ ಕೂಡಲೇ ಕಾಣುವುದು ಬರೀ ಕಿತ್ತಳೆ ಬಣ್ಣ. ಗಾಳಿಯಾಡುತ್ತ ಒಂದೆರಡು ದಿನದಲ್ಲಿ ಅದು ಗಾಢವಾಗುತ್ತದೆ. ಅಂಗೈಯದು ಒಂದೆರಡು ವಾರದಲ್ಲಿ ಮಾಸುತ್ತದೆ, ಉಗುರಿನದು ಉಗುರು ಬೆಳೆದು ಕತ್ತರಿಸುವ ತನಕ ಇರುತ್ತದೆ. ಗೋರಂಟಿ ಎಲೆ ಎಂದೂ ಕಡುಕಪ್ಪು ಬಣ್ಣ ಕೊಡುವುದಿಲ್ಲ. ನೀವಿರುವ ಊರಿನ ಜಾತ್ರೆಯಲ್ಲೋ ಕಡಲತೀರದಲ್ಲೋ 'ಕಪ್ಪು ಮೆಹಂದಿ' ಹಚ್ಚುತ್ತೇವೆಂದರೆ ಕೈ ಕೊಡಬೇಡಿ. ಅದರಲ್ಲಿ ಹೆಚ್ಚಾಗಿ ಕೂದಲ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಚರ್ಮ ಬೊಬ್ಬೆ ಏಳಬಹುದು.

ನಿಮ್ಮ ಬೇಸಿಗೆ ರಜೆ ನಮ್ಮ ಆಷಾಢದ ಹೊತ್ತಿಗೆ ಬರುತ್ತದೆ. ಆಗ ಮದುವೆಗಳಿರುವುದಿಲ್ಲ, ಆದರೆ ಆಷಾಢದಲ್ಲಿ ಗೋರಂಟಿ ಹಚ್ಚಿಕೊಳ್ಳುವ ರೂಢಿ ಎಷ್ಟೋ ಮನೆಗಳಲ್ಲಿದೆ. ಊರಿಗೆ ಹೋದರೆ ಅಜ್ಜಿಯನ್ನು ಕೇಳಿ, ಎಲೆ ನೀವೇ ಬಿಡಿಸಿ. ಬೆಳಿಗ್ಗೆ ಒಣಗಿದ್ದನ್ನು ಉದುರಿಸಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಆವತ್ತೊಂದು ದಿನ ಸೋಪು ಮುಟ್ಟಬೇಡಿ.